ಕಡಲಿದ್ದ ಕಡೆ ಪಶ್ಚಿಮ

ನನ್ನ ಕೆಲಸವನ್ನು ಅಮ್ಮನಿಗೆ ವಿವರಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಇನ್ನೂ ಕಟ್ಟದ ಕಟ್ಟಡವನ್ನು ಕಂಪ್ಯೂಟರಿನೊಳಗೆ ನಿಲ್ಲಿಸಿ, ಅದರ ಮೇಲೆ ವರ್ಷವಿಡೀ ಬಿಸಿಲು ಸುರಿದು, ಏಸಿ ಎಷ್ಟು ಕರೆಂಟು ಕುಡಿಯುತ್ತದೆಂದು ನೋಡುವುದು. ಕಿಟಕಿಗೆ ಒಳಗಿನಿಂದ ಬಟ್ಟೆಯ ಬ್ಲೈಂಡ್ ಸಾಕೇ, ಹೊರಗೆ ಅಲ್ಯೂಮಿನಿಯಂ ಪಟ್ಟಿಗಳ ಮರೆ ಬೇಕೇ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಬಿಸಿಲು ಬಿದ್ದರೆ ಜನ ಬ್ಲೈಂಡ್ ಇಳಿಸುತ್ತಾರೆ, ಹೋದರೆ ಏರಿಸುತ್ತಾರೆ ಎಂದು ಸಾಫ್ಟ್‌ವೇರ್ ನಂಬಿಕೊಂಡಿದೆ. ಅಂಥ ಜನರನ್ನು ನಾನಂತೂ ದೋಹಾದಲ್ಲಿ ಕಂಡಿಲ್ಲ. ಐನ್ ಖಾಲಿದ್‌ನ ನಮ್ಮ ಮನೆಯಲ್ಲೇ ಬಂದ ದಿನ ಇಳಿಸಿದ ಬ್ಲೈಂಡ್ ಇನ್ನೂ ಮೇಲೇರಿಲ್ಲ.

ಮುಶೈರಿಬ್‌ನ ಆಫೀಸಿಗೆ ಸೇರಿ ಆಗ ನಾಲ್ಕು ತಿಂಗಳು. ಪ್ರೊಬೇಷನ್ ಮುಗಿದಿರಲಿಲ್ಲ, ಜಂಬಕ್ಕೆ ಮಾತ್ರ ಕಡಿಮೆಯಿರಲಿಲ್ಲ. ನಕ್ಷೆ ಬಿಡಿಸುತ್ತಿದ್ದವರು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಹಿರಿಯರು. ನಾನು ಉಡುಪಿಯವಳೆಂದು ತಿಳಿದ ದಿನದಿಂದ ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು. ಅವರಿಗೊಂದು ಚಟ, ದಿನಕ್ಕೆ ಹತ್ತು ಇಮೇಲ್ ಕಳಿಸುವುದು. ‘ರಿವೈಸ್ಡ್’, ‘ಫೈನಲ್’, ‘ಫೈನಲ್ ಟೂ’. ತಲೆಚಿಟ್ಟು ಹಿಡಿದು ನಾನು ಮೊದಲನೆಯದನ್ನು ಬಿಟ್ಟು ಉಳಿದದ್ದನ್ನು ತೆರೆಯುವುದನ್ನೇ ನಿಲ್ಲಿಸಿದ್ದೆ.

ಕಡಲ ದಡದ ಚಿಕ್ಕ ಆಸ್ಪತ್ರೆಯೊಂದರ ನಕ್ಷೆ ಬಂತು. ಹಾಳೆಗೆ ಹೊಂದಲೆಂದು ಕಟ್ಟಡವನ್ನು ತಿರುಗಿಸಿ ಕೂರಿಸಿದ್ದರು, ಉತ್ತರ ತೋರಿಸುವ ಬಾಣ ಇರಲಿಲ್ಲ. ಒಂದು ಬದಿಯಲ್ಲಿ ‘ಸಮುದ್ರ’ ಎಂದಿತ್ತು. ಉತ್ತರ ಯಾವ ಕಡೆ ಎಂದು ಸಾಫ್ಟ್‌ವೇರ್ ಕೇಳಿತು. ಎದ್ದು ಹೋಗಿ ಅವರನ್ನು ಕೇಳಬಹುದಿತ್ತು. ನಾನು ಯೋಚಿಸಲೂ ಇಲ್ಲ. ಕಡಲಿದ್ದ ಕಡೆ ಪಶ್ಚಿಮ ತಾನೇ! ಸಂಜೆಯ ಬಿಸಿಲಿಗೆಂದು ಹೊರಗಿನ ಪಟ್ಟಿಗಳನ್ನೆಲ್ಲ ಕಡಲ ಕಡೆಗೆ ಹಾಕಿದೆ. ರೋಗಿಗಳ ಕೋಣೆಗಳಿದ್ದ ಇನ್ನೊಂದು ಬದಿಗೆ ತೆಳ್ಳನೆಯ ಬಟ್ಟೆಯ ಬ್ಲೈಂಡ್. ವರದಿಗೆ ಸಹಿ ಹಾಕಿ ಕಳಿಸಿದೆ.

ಮುಂದಿನ ವಾರ ಮೀಟಿಂಗ್. ಕ್ಲೈಂಟಿನ ಎಂಜಿನಿಯರ್ ನನ್ನ ವರದಿಯನ್ನು ಮೇಜಿನ ಮೇಲಿಟ್ಟು ನಗುತ್ತಾ ಕೇಳಿದ, “ದೋಹಾದಲ್ಲಿ ಸೂರ್ಯ ಯಾವಾಗಿನಿಂದ ಕಡಲಲ್ಲಿ ಮುಳುಗುತ್ತಿದ್ದಾನೆ?”

ಆಗ ಹೊಳೆಯಿತು. ಇಲ್ಲಿ ಕಡಲು ಇರುವುದು ಪೂರ್ವಕ್ಕೆ. ನಮ್ಮ ಮ್ಯಾನೇಜರ್ ನಕ್ಷೆಯನ್ನು ಎಳೆದುಕೊಂಡು ನೋಡಿ, ಪಕ್ಕದಲ್ಲೇ ಕುಳಿತಿದ್ದ ಹಿರಿಯರ ಕಡೆ ತಿರುಗಿದರು. “ನಾರ್ತ್ ಇಲ್ಲದ ಡ್ರಾಯಿಂಗ್ ಕೊಟ್ಟಿದ್ದೀರಿ! ಖಲಾಸ್, ನಿಮ್ಮ ರಿನ್ಯೂವಲ್ ಬಗ್ಗೆ ನಾನು ಯೋಚಿಸಬೇಕು.”

ಅವರ ಕಾಂಟ್ರಾಕ್ಟ್ ಆ ತಿಂಗಳೇ ಮುಗಿಯಲಿತ್ತು. ಮಗಳು ಇಲ್ಲಿ ಹನ್ನೆರಡನೇ ತರಗತಿಯಲ್ಲಿದ್ದಳು. ಅಪ್ಪನ ವೀಸಾ ಹೋದರೆ ಪರೀಕ್ಷೆಗೆ ಮುಂಚೆಯೇ ಅವಳೂ ಗಂಟುಮೂಟೆ ಕಟ್ಟಬೇಕು. ಇದು ಆಫೀಸಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು “ಸಾರಿ ಸರ್” ಎಂದರು. ನಾನು ತುಟಿ ಬಿಚ್ಚಲಿಲ್ಲ.

ಜಾಗಕ್ಕೆ ಬಂದು ಅವರ ಹಳೆಯ ಇಮೇಲ್‌ಗಳನ್ನು ಒಂದೊಂದಾಗಿ ತೆರೆದೆ. ಮೂರನೆಯದರಲ್ಲಿ ಇತ್ತು: ‘ಮೇಡಂ, ಮೊದಲಿನದರಲ್ಲಿ ನಾರ್ತ್ ಬಿಟ್ಟು ಹೋಗಿದೆ, ಇದನ್ನೇ ಬಳಸಿ.’ ನಾನು ವರದಿ ಕಳಿಸುವುದಕ್ಕೆ ಎಷ್ಟೋ ದಿನ ಮೊದಲಿನದು.

ಪ್ಯಾಂಟ್ರಿಯಲ್ಲಿ ಅವರು ಟೀ ಕಲಕುತ್ತಿದ್ದರು. “ಮೇಲ್ ಕಳಿಸಿದ್ದೆ ಅಂತ ಯಾಕೆ ಹೇಳಲಿಲ್ಲ?” ಎಂದು ಹೆಚ್ಚುಕಡಿಮೆ ಜಗಳಕ್ಕೇ ನಿಂತೆ. ತಪ್ಪು ನನ್ನದು, ಸಿಟ್ಟೂ ನನಗೇ.

“ನಾನು ಇಲ್ಲಿಗೆ ಬಂದ ಹೊಸತು ಮಾರಾಯ್ರೆ,” ಅಂದರು. “ಊರಲ್ಲಿ ನಮಾಜಿಗೆ ನಿಂತ್ರೆ ಎದುರಿಗೆ ಕಡಲು. ಇಲ್ಲಿ ಮಧ್ಯಾಹ್ನದ ನಮಾಜಿಗೆ ಕಡಲು ಕಂಡ ಕೂಡ್ಲೆ ಅದಕ್ಕೇ ಮುಖ ಮಾಡಿ ನಿಂತೆ. ಮಕ್ಕಾ ಇರುವುದು ಬೆನ್ನಿಗೆ! ಒಬ್ಬರು ಮುದುಕರು ಬಂದ್ರು, ಎಂತದ್ದೂ ಹೇಳ್ಲಿಲ್ಲ. ಹೆಗಲು ಹಿಡಿದು ತಿರುಗಿಸಿ ಹೋದ್ರು. ದಡದಲ್ಲಿದ್ದ ಅಷ್ಟು ಜನರ ಎದುರು ಬೈದಿದ್ರೆ ನಾನು ಮತ್ತೆ ಆ ಕಡೆ ತಲೆ ಹಾಕ್ತಿರ್ಲಿಲ್ಲ. ನಿಮಗೂ ನಮ್ಮ ಊರಿನದೇ ತಪ್ಪು ಆದದ್ದು. ಬಿಡಿ, ಹೇಳ್ಲಿಕ್ಕೆ ಹೋಗ್ಬೇಡಿ. ನಿಮ್ಮ ಪ್ರೊಬೇಷನ್ ಮುಗೀಲಿ.”

“ಮತ್ತೆ ನಿಮ್ಮ ಮಗಳ ಪರೀಕ್ಷೆ?”

ಅವರು ಕಲಕಿದ ಟೀಯನ್ನೇ ಮತ್ತೆ ಕಲಕತೊಡಗಿದರು. ಆ ಮುಖ ನೋಡಿ ನನಗೆ ಅಳು ಬಂತು.

ಕ್ಲೈಂಟಿನ ಎಂಜಿನಿಯರ್ ಇನ್ನೂ ಹೊರಟಿರಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು, ಹಿರಿಯರನ್ನೂ ಕರೆದುಕೊಂಡು ಅದೇ ಮೇಜಿಗೆ ಹೋದೆ. ಇಮೇಲ್ ತೋರಿಸಿದೆ. ಸರಿಯಾದ ನಕ್ಷೆ ನನ್ನ ಹತ್ತಿರವೇ ಇತ್ತು, ನಾನು ತೆರೆಯಲಿಲ್ಲ, ಪಶ್ಚಿಮವನ್ನು ನಾನೇ ಊಹಿಸಿದೆ ಎಂದೆ.

ಮ್ಯಾನೇಜರ್ ಅದನ್ನು ಓದಿ ಹಿರಿಯರನ್ನು ಕೇಳಿದರು, “ಇದನ್ನು ಆಗಲೇ ಯಾಕೆ ಹೇಳಲಿಲ್ಲ?”

“ಮೇಡಂ ಅವರೇ ಬಂದು ಹೇಳ್ತಾರೆ ಅಂತ ಗೊತ್ತಿತ್ತು ಸರ್.”

ಅವರ ಕಾಂಟ್ರಾಕ್ಟಿಗೆ ಆ ವಾರವೇ ಸಹಿ ಬಿತ್ತು, ನನ್ನ ಪ್ರೊಬೇಷನ್ ಇನ್ನೂ ಮೂರು ತಿಂಗಳು ಬೆಳೆಯಿತು. ಅದಕ್ಕೆ ಬೇಸರವಿಲ್ಲ. ಆದರೆ ಹೇಳಲು ಹೋಗಬೇಡಿ ಎಂದವರಿಗೇ ನಾನು ಹೇಳುತ್ತೇನೆಂದು ಗೊತ್ತಿತ್ತಂತೆ. ಆ ಮೀಟಿಂಗಿನಲ್ಲಿ ಕುಳಿತಿದ್ದಷ್ಟು ಹೊತ್ತು ನನಗೇ ಅದು ಗೊತ್ತಿರಲಿಲ್ಲ.