ವಾಪಸ್ ಬರುತ್ತೇನೆಂಬುದಕ್ಕೆ ಸಬೂತು

ನಾನು ದಾವಣಗೆರೆ ಬಿಟ್ಟು ಓಡಿಹೋಗುವ ಮನುಷ್ಯ ಎಂದು ಇದುವರೆಗೆ ಯಾರೂ ಅನುಮಾನಪಟ್ಟಿರಲಿಲ್ಲ. ಅಷ್ಟು ಧೈರ್ಯ ನನಗಿಲ್ಲವೆಂಬುದು ಓಣಿಗೆಲ್ಲ ಗೊತ್ತು. ಹರಿಹರಕ್ಕೆ ಹೋದರೂ ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತೇನೆ. ನೆಂಟರ ಮನೆಯ ಹಾಸಿಗೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ಇಂಥ ನನ್ನನ್ನು ಒಂದು ದೇಶ ‘ನೀನು ತಿರುಗಿ ಹೋಗುತ್ತೀಯೆಂದು ಏನು ಖಾತ್ರಿ?’ ಎಂದು ಕೇಳಿತು. ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಮಗಳು ಶೈಲಾ ಇಂಗ್ಲೆಂಡಿನಲ್ಲಿ, ಅಳಿಯ ಅಲ್ಲೊಂದು ಆಸ್ಪತ್ರೆಯಲ್ಲಿ ಡಾಕ್ಟರು. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಬರಬೇಕು. ಆದರೆ ವಿಮಾನ ಹತ್ತಲೇಬಾರದೆಂದು ವೈದ್ಯರು ಹೇಳಿದ್ದರಿಂದ ತವರೇ ಅಲ್ಲಿಗೆ ಹೊರಡಬೇಕಾಯಿತು. ತವರೆಂದರೆ ನಾನು ಮತ್ತು ನನ್ನ ಹೆಂಡತಿ ಗಿರಿಜಾ. ಬಾಣಂತನವೆಂದರೆ ಹೋಗಿ ಹಣ್ಣು ಕೊಟ್ಟು ಬರುವುದಲ್ಲ. ಎಣ್ಣೆ, ನೀರು, ಸಾಂಬ್ರಾಣಿ ಹೊಗೆ ಎಲ್ಲ ಸೇರಿ ಆರು ತಿಂಗಳಾದರೂ ಬೇಕು. ಕೂಸನ್ನು ಮೊದಲ ದಿನವೇ ಎತ್ತಿಕೊಳ್ಳಬೇಕೆಂಬ ಆಸೆ ನನಗೂ ವಿಪರೀತವಿತ್ತು. ಗಂಡಸು, ಹೇಳಿಕೊಂಡಿರಲಿಲ್ಲ ಅಷ್ಟೇ.

ವೀಸಾ ಕೆಲಸ ಮಾಡಿಸಿಕೊಡುವ ಬಾಷಾ ಸಾಹೇಬರು ನಮ್ಮ ಕಾಗದಗಳನ್ನೆಲ್ಲ ನೋಡಿ ನಿಟ್ಟುಸಿರು ಬಿಟ್ಟರು. “ಆರು ತಿಂಗ್ಳು ಇರ್ತೀನಿ ಅಂದ್ರ ಅವ್ರಿಗೆ ಡೌಟ್ ಬರ್ತೈತ್ರಿ. ವಾಪಸ್ ಬರ್ತೀರಿ ಅನ್ನಾಕ ಸಬೂತು ಬೇಕು. ಮನಿ, ಹೊಲ ಯಾರ ಹೆಸರಿನಾಗ ಅದಾವು?”

ಹಿಂದೆ ನಮ್ಮವರು ಕಾಶಿಗೆ ಹೊರಟರೆ ಊರವರೆಲ್ಲ ಗಡಿಯವರೆಗೆ ಹೋಗಿ ಅತ್ತು ಕಳಿಸುತ್ತಿದ್ದರಂತೆ. ತಿರುಗಿ ಬಂದರೆ ಪುಣ್ಯ, ಬಾರದಿದ್ದರೆ ಇನ್ನೂ ಹೆಚ್ಚಿನ ಪುಣ್ಯ. ಕಾಶಿಯವರು ಯಾರಿಗೂ ಮನೆಪತ್ರ ತೋರಿಸು ಎನ್ನಲಿಲ್ಲ. ಇಂಗ್ಲೆಂಡಿನವರು ಕೇಳಿದರು, ನನ್ನ ಹೆಸರಿನಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ನಮ್ಮದು ಇನ್ನೂ ಕೂಡಿದ ಮನೆತನ. ನಾವಿರುವ ಮನೆ, ಬಟ್ಟೆ ಅಂಗಡಿ, ಆನೆಕೊಂಡದ ಹೊಲ ಎಲ್ಲವೂ ಹರಿಹರದಲ್ಲಿರುವ ಅಣ್ಣನ ಹೆಸರಿನಲ್ಲಿ. ಹಿರಿಯನ ಹೆಸರಿನಲ್ಲಿರುವುದು ಎಲ್ಲರದೂ ಹೌದು ಎಂಬ ನಂಬಿಕೆಯಲ್ಲೇ ನಮಗೆ ವಯಸ್ಸಾಗಿತ್ತು.

ಹರಿಹರಕ್ಕೆ ಹೋಗಿ, “ಅಣ್ಣಾ, ಮನಿ ಒಂದು ನನ್ನ ಹೆಸರಿಗೆ ಮಾಡಿಕೊಡು” ಎಂದೆ. ಚಹಾ ತರುತ್ತಿದ್ದ ಅತ್ತಿಗೆ ಹೊಸ್ತಿಲಲ್ಲೇ ನಿಂತರು. ನಮ್ಮ ಕಡೆ ತಮ್ಮನಾದವನು ಹೀಗೆ ಕೇಳಿದರೆ ಅದಕ್ಕೆ ಇರುವುದು ಒಂದೇ ಅರ್ಥ. ವೀಸಾ ಗೀಸಾ ಎಂದು ನಾನು ಆಮೇಲೆ ತೊದಲಿದ್ದು ಯಾರ ಕಿವಿಗೂ ಬೀಳಲಿಲ್ಲ.

ಮರುದಿನ ಬೆಳಿಗ್ಗೆಯೇ ನಂದಿಗುಡಿಯಿಂದ ಸೋದರಮಾವ ಹಾಜರು. “ಏನಪಾ, ಈ ವಯಸ್ಸಿನಾಗ ಪಾಲು ಕೇಳ್ತೀಯಂತ? ನಾಚ್ಕಿ ಬ್ಯಾಡೇನು?” ಎಂದು ಜಗಲಿಯಲ್ಲೇ ಶುರುಮಾಡಿದರು. ಇಂಗ್ಲೆಂಡಿನ ಕಾನೂನು ವಿವರಿಸಿದೆ. “ಬ್ರಿಟಿಷ್ರು ಹೋಗಿ ಎಷ್ಟು ವರ್ಷಾತು, ಇನ್ನೂ ನಮ್ಮ ಮನಿ ಒಡೀತಾರೇನು?” ಎಂದುಬಿಟ್ಟರು. ನಾನು ತಲೆ ಚಚ್ಚಿಕೊಂಡೆ.

ಕೊನೆಗೆ ಗಿರಿಜಾ ತಾನೇ ಹರಿಹರದ ಬಸ್ಸು ಹತ್ತಿದಳು, ಬೆನ್ನಿಗೆ ನಾನು. “ಭಾವಾರ, ನಿಮ್ಮ ಪಾಲು ಯಾರಿಗೆ ಬೇಕಾಗೈತ್ರಿ? ನನ್ನ ಮಗಳು ಪರದೇಶದಾಗ ಒಬ್ಬಾಕೀನ ಹೆರಿಗೆಗೆ ಕುಂತಾಳ” ಎಂದು ಅತ್ತೇಬಿಟ್ಟಳು. ಅಣ್ಣನ ಮುಖ ಇಳಿಯಿತು. ಹೆಸರು ಬದಲಿಸುವಷ್ಟು ಸಮಯ ಉಳಿದಿರಲಿಲ್ಲ. ಪತ್ರಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿಕೊಂಡು, “ನಡೀರಿ, ನಾನೂ ಬರ್ತೀನಿ. ನನ್ನ ತಮ್ಮ ವಾಪಸ್ ಬರ್ತಾನೋ ಇಲ್ಲೋ, ನನ್ನ ಕೇಳ್ಲಿ” ಎಂದು ಚೆನ್ನೈವರೆಗೂ ಬಂದ. ವೀಸಾ ಕಚೇರಿಯ ಕಾವಲಿನವನು ಅವನನ್ನು ಗೇಟಿನ ಹೊರಗೇ ನಿಲ್ಲಿಸಿದ.

ಒಳಗಿದ್ದ ಅಧಿಕಾರಿಣಿ ದುಭಾಷಿಯ ಮೂಲಕ ಕೇಳಿದರು: ಮಗಳು ಅಲ್ಲಿ, ಆಸ್ತಿ ಅಣ್ಣನದು, ಹಾಗಾದರೆ ನಿಮಗೆ ಇಲ್ಲೇನಿದೆ? “ಅಣ್ಣ ಹೊರಗ ಕುಂತಾನ್ರಿ” ಎಂದೆ.

ಆಕೆ ಗಿರಿಜಾಳತ್ತ ತಿರುಗಿದರು. ನೀವೊಬ್ಬರೇ ಹೋದರೆ ಮರಳಿ ಬರುತ್ತೀರಾ? “ಬರ್ದ ಏನ್ರೀ!” ಎಂದಳು ಮಹಾರಾಯಿತಿ. “ಇವರಿಗೆ ಒಂದು ಲೋಟ ಚಾ ಕಾಸಾಕ ಬರಂಗಿಲ್ಲ. ನಾ ಬರ್ಲಿಲ್ಲಾಂದ್ರ ಇವರ ಗತಿ ಏನ್ರಿ?”

ಅವಳಿಗೆ ಆರು ತಿಂಗಳ ವೀಸಾ ಸಿಕ್ಕಿತು. ನನಗೆ ಇಲ್ಲ.

ಹೊರಗೆ ಅಣ್ಣ ನನ್ನ ಕೈ ಹಿಡಿದುಕೊಂಡು, “ಮೊದ್ಲೇ ನಿನ್ನ ಹೆಸರಿಗೆ ಮಾಡಿದ್ರ ಆಗ್ತಿತ್ತಲ್ಲೋ” ಎಂದ. ಅವನ ಕಣ್ಣು ತುಂಬಿತ್ತು. ನನಗೂ ಅಳು ಬಂತು, ಸಿಟ್ಟಿನಲ್ಲೋ ದುಃಖದಲ್ಲೋ ತಿಳಿಯದು.

ಈಗ ಗಿರಿಜಾ ಅಲ್ಲಿದ್ದಾಳೆ. ಮೊಮ್ಮಗಳು ಹುಟ್ಟಿದ್ದಾಳೆ. ಭಾನುವಾರ ಫೋನಿನಲ್ಲಿ ಅವಳ ಅಳು ಕೇಳಿಸುತ್ತಾರೆ; ಕೇಳಿ ಇಡೀ ದಿನ ಯಾವ ಕೆಲಸಕ್ಕೂ ಮನಸ್ಸು ಬರುವುದಿಲ್ಲ. ಗಿರಿಜಾಳ ಹೆಸರಿನಲ್ಲೂ ಮನೆಯಿಲ್ಲ, ಹೊಲವಿಲ್ಲ. ಆ ದೇಶ ನಂಬಿದ ಅವಳ ಆಸ್ತಿಯೆಂದರೆ ನಾನೊಬ್ಬನೇ. ಮೊನ್ನೆ ಅತ್ತಿಗೆ ಬಂದು, ಚಹಾ ಮಾಡುವುದನ್ನಾದರೂ ಕಲಿತುಕೊಳ್ಳಿ ಎಂದು ಪಾತ್ರೆ ಕೈಗಿತ್ತರು. ನಾನು ಕೆಳಗಿಟ್ಟುಬಿಟ್ಟೆ. ಅವಳು ಬರಲಿ.