ಕೊರಳಿನ ಲಿಂಗ, ಅಂಗೈಯ ಮೊಟ್ಟೆ

ಸಂಶೋಧನೆಗೆಂದು ಜರ್ಮನಿಗೆ ಬಂದ ಮೊದಲ ಸೋಮವಾರವೇ ಲ್ಯಾಬಿನಲ್ಲಿ ನನ್ನ ಅಂಗೈಗೆ ಬೆಚ್ಚಗಿನ ಮೊಟ್ಟೆ ಇಟ್ಟರು. ಚಿಪ್ಪಿನಲ್ಲಿ ಕತ್ತರಿಸಿದ ಕಿಂಡಿಯೊಳಗೆ ಸಾಸಿವೆಯಷ್ಟು ಕೆಂಪು ಚುಕ್ಕಿ ಬಡಿಯುತ್ತಿತ್ತು. ಅದು ಮೂರು ದಿನದ ಕೋಳಿ ಭ್ರೂಣದ ಹೃದಯ. ನಮ್ಮೂರು ತಾಳ್ಯದ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಸುತ್ತಿದ್ದರು. ಅಲ್ಲಿಯವರೆಗೆ ಪ್ರಯೋಗಾಲಯದ ತಟ್ಟೆಗಳಲ್ಲಿ ಜೀವಕೋಶ ಬೆಳೆಸಿಕೊಂಡಿದ್ದವಳು ನಾನು.

ಇಲ್ಲಿನ ಊರಿಗೆ ಹೊಂದಿಕೊಳ್ಳುವುದೂ ಸುಲಭವಿರಲಿಲ್ಲ. ಭಾನುವಾರ ಚಟ್ನಿ ರುಬ್ಬಿದರೆ ಮನೆಯೊಡತಿ ಬಾಗಿಲು ತಟ್ಟಿ "ರೂಹೆ" ಅನ್ನುವಳು. ಸದ್ದು ಬೇಡ ಎಂದರ್ಥ. ತಾಳ್ಯದಲ್ಲಿ ಮನೆ ಸದ್ದಿಲ್ಲದಿದ್ದರೆ ಏನಾಯಿತೋ ಎಂದು ಜನ ಬಂದು ವಿಚಾರಿಸುತ್ತಾರೆ. ರಾಗಿ ಹಿಟ್ಟು ಸಿಕ್ಕ ದಿನ ಮುದ್ದೆ ಮಾಡಿ ಒಬ್ಬಳೇ ಕೂತು ಉಂಡೆ. ಅಳು ಬಂತು.

ಕೆಲಸ ಮಾತ್ರ ಮನಸ್ಸಿಗೆ ಹಿಡಿಸಿತು. ಬೆಳೆಯುವ ಹೃದಯದ ಗೋಡೆ ದಪ್ಪವಾದಂತೆ ಆ ಗೋಡೆಗೇ ರಕ್ತ ಬೇಕಾಗುತ್ತದೆ. ಅಲ್ಲಿನ ಜೀವಕೋಶಗಳು ಒಂದು ಪ್ರೋಟೀನು ಹೊರಬಿಟ್ಟು ಸುದ್ದಿ ಮುಟ್ಟಿಸುತ್ತವೆ. ರಕ್ತನಾಳದ ಎಳೆಗಳು ಅದು ಹೆಚ್ಚಿರುವ ಕಡೆಗೆ ಹಿತ್ತಲ ಹೀರೆಬಳ್ಳಿಯಂತೆ ಹಬ್ಬುತ್ತವೆ. ಮಹಾಧಮನಿಯ ಬುಡದಿಂದ ಇನ್ನೊಂದು ಸೂಚನೆ ಬಂದರೆ ಅದರ ಗೋಡೆ ತೂರಿ ಒಳಸೇರುತ್ತವೆ. ಆ ಸೂಚನೆ ತಡೆದರೆ ಏನಾಗುತ್ತದೆಂದು ನೋಡುವುದು ನನ್ನ ಪಾಲಿನ ಕೆಲಸ. ನೋಡಬೇಕಾದರೆ ಎಂಟನೇ ದಿನ ಹೃದಯ ಹೊರತೆಗೆಯಬೇಕು.

ಜೀವ ತೆಗೆಯುವುದನ್ನು ಶಿವ ನೋಡದಿರಲೆಂದು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಬೆಳಿಗ್ಗೆ ಕೊರಳ ಇಷ್ಟಲಿಂಗವನ್ನು ಬಿಚ್ಚಿ ರೂಮಿನಲ್ಲಿಟ್ಟು ಹೋಗುವುದು. ಮೈಯಿಂದ ಅಗಲಿಸಬಾರದೆಂದು ಗೊತ್ತಿದ್ದೂ ಎರಡು ವರ್ಷ ಹೀಗೇ ಮಾಡಿದೆ. ಒಂದು ದಿನ ಲ್ಯಾಬಿನಿಂದಲೇ ವಿಡಿಯೋ ಕಾಲ್ ಮಾಡಿ ಅವ್ವನ ಕೈಗೆ ಸಿಕ್ಕಿಬಿದ್ದೆ.

"ಕೊರಳಾಗೆ ಲಿಂಗ ಎಲ್ಲೈತೆ?"

ಎಲ್ಲ ಹೇಳಿಬಿಟ್ಟೆ. ಅವ್ವ ಬಯ್ಯಲಿಲ್ಲ.

"ಆಮೇಲೆ ಅದು ಮರಿ ಆಗ್ತೈತಾ?"

"ಇಲ್ಲವ್ವ."

ಅವ್ವ ಸೆರಗಿನಿಂದ ಫೋನಿನ ಪರದೆ ಒರೆಸಿದಳು. ವಾಪಸ್ ಬಾ ಅಂದುಬಿಟ್ಟರೆ ಏನು ಮಾಡಲಿ ಎಂದು ನನಗೆ ಭಯವಾಯಿತು.

"ನಂಗಂತೂ ಸರಿ ಕಾಣಲ್ಲ," ಅಂದಳು ಕೊನೆಗೆ. "ಆದ್ರೆ ಶಿವನ್ನ ಮನೇಲಿ ಕೂರ್ಸಿ ಹೋಗೋದು ಇನ್ನೂ ತಪ್ಪು. ಅವನ ಎದುರಿಗೇ ಮಾಡಾಕಾದ್ರೆ ಮಾಡು. ಆಗ್ದಿದ್ರೆ ಬಿಟ್ಟು ಬಾ."

ಮರುದಿನ ಬಿಳಿ ಕೋಟಿನೊಳಗೆ ಲಿಂಗವಿತ್ತು. ಯಾವಾಗಲೂ ಹನ್ನೆರಡು ಮೊಟ್ಟೆ ಮುಗಿಸುವವಳು ಅಂದು ಐದಕ್ಕೇ ನಿಂತೆ. ಪಕ್ಕದ ಮೇಜಿನ ಗೆಳತಿ ಏನಾಯಿತೆಂದು ಕೇಳಿದಳು. ಕೈ ಏಕೆ ನಿಂತಿತೆಂದು ಅವಳಿಗೆ ಹೇಳಲಾಗಲಿಲ್ಲ. ಏಕೆ ಬಿಟ್ಟು ಬರಲಾರೆನೆಂದು ಅವ್ವನಿಗೂ ಇನ್ನೂ ಹೇಳಿಲ್ಲ.