ಒಂದೇ ಉಸಿರಿನಲ್ಲಿ ಅಪ್ಪನ ಹೆಸರು

ನಮ್ಮ ಬೆಟ್ಟದೂರು ಯುಕ್ಸಮ್‌ನಿಂದ ಮೇಲಿನ ಕೆರೆಗೆ ಯಾರು ಹೋಗಬೇಕು, ಯಾರು ಬೇಡ ಎಂದು ತೀರ್ಮಾನಿಸುವುದು ತಾವೇ ಎಂದು ಅರಣ್ಯ ಇಲಾಖೆಯವರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ ಬಿಡಿ. ತೀರ್ಮಾನಿಸುವವಳು ನನ್ನ ಅಕ್ಕ ಒಂಗ್ಮಿತ್. ಇಪ್ಪತ್ತಾರು ವರ್ಷದಿಂದ ಚಾರಣದವರನ್ನು ಕರೆದೊಯ್ದು ಅನ್ನ ಬೇಯಿಸಿ ಹಾಕುತ್ತಿರುವವಳು. ನಾನು ಸಮ್ದುಪ್, ಸಾಮಾನು ಹೊರುವ ಜೋಗಳನ್ನು ಹೊಡೆಯುವವನು. ಯಾಕ್‌ಗೂ ಹಸುವಿಗೂ ಹುಟ್ಟಿದ ಈ ಪ್ರಾಣಿಗೆ ಎರಡೂ ಕಡೆಯ ಹಟ ಬಂದಿದೆ. ನಮ್ಮ ಮನೆತನವೂ ಅಷ್ಟೇ.

ಈ ಅಕ್ಟೋಬರ್‌ನಲ್ಲಿ ಸಿಲಿಗುರಿಯಿಂದ ನಾಲ್ವರು ಶಿಕ್ಷಕಿಯರು ಬಂದರು. ಹಿರಿಯಳು ಶ್ಯಾಮಲಿ, ಅರವತ್ತೊಂದು ವರ್ಷ. ಅಕ್ಕ ಎಂದಿನಂತೆ ಒಲೆಯ ಮುಂದೆ ಮುಸುಕಿನ ಜೋಳದ ಕಾಳಿಟ್ಟು ಲೆಕ್ಕ ಹಾಕಿದಳು. ಹತ್ತಲು ಐದು ದಿನ, ಇಳಿಯಲು ಮೂರು. ಸೌದೆ ಕಡಿಯುವಂತಿಲ್ಲ, ಸೀಮೆಎಣ್ಣೆಯನ್ನೇ ಹೊರಬೇಕು. ಕೆರೆಯ ದಡದಲ್ಲಿ ಡೇರೆ ಹಾಕುವಂತಿಲ್ಲ, ಕೆಳಗಿನ ಬಯಲಲ್ಲೇ ಮಲಗಬೇಕು.

"ಒಲೆಗೆ ಮಾಂಸದ ಚೂರು ಬಿದ್ದು ಸುಟ್ಟ ವಾಸನೆ ಬಂತೋ, ಮೇಲಿರೋ ದೇವತೆ ಆಲಿಕಲ್ಲು ಸುರಿಸ್ತಾಳೆ. ಆಮೇಲೆ ನನ್ನ ಬೈಬೇಡಿ," ಎಂದಳು ಅಕ್ಕ.

ಹಾಗೆ ಹೇಳುವಾಗಲೇ ಅವಳಿಗೆ ಕೆಮ್ಮು ಬಂತು. ಸೆರಗಿಗೆ ಬಾಯಿ ಒತ್ತಿಕೊಂಡು ನನ್ನತ್ತ ಕೆಂಗಣ್ಣು ಬಿಟ್ಟಳು. ಆಗಸ್ಟ್‌ನಿಂದ ಆ ಕೆಮ್ಮು ಹಲಗೆ ಗೋಡೆ ದಾಟಿ ನನಗೆ ಕೇಳಿಸುತ್ತಿತ್ತು. ನೀರು ತರುವಾಗ ಎರಡೆರಡು ಕಡೆ ಕೂರುತ್ತಿದ್ದಳು. "ಯಾರಿಗಾದ್ರೂ ಬಾಯಿ ಬಿಟ್ಟೆಯೋ, ನಾಲಿಗೆ ಸೀಳ್ತೀನಿ," ಎಂದಿದ್ದಳು. ಅವಳ ಸೊಸೆ ಫುರ್ಕಿತ್ ಅಡುಗೆಯಲ್ಲಿ ಅತ್ತೆಯನ್ನೂ ಮೀರಿಸುತ್ತಾಳೆ. ಆದರೂ ಅವಳನ್ನು ಬೆಟ್ಟಕ್ಕೆ ಕಳಿಸಲು ಅಕ್ಕನಿಗೆ ಮನಸ್ಸಿಲ್ಲ. ಈ ವರ್ಷವೂ ತಾನೇ ಹೋಗಬೇಕು. ಯಾಕೆಂದು ನನಗೆ ಗೊತ್ತು. ಗೊತ್ತಿದ್ದೇ ನಾನು ಬಾಯಿ ಬಿಡಲಿಲ್ಲ.

ಹೊರಡುವ ಮುಂಚಿನ ದಿನ ಅಕ್ಕನ ಪರೀಕ್ಷೆ ಇರುತ್ತದೆ. ಎಲ್ಲರೂ ಊರ ಮೇಲಿನ ಬೌದ್ಧ ಮಠ ದುಬ್ದಿ ಗೊಂಪಾದ ಕಡಿದಾದ ದಾರಿ ಹತ್ತಬೇಕು. ಅಂಗಳ ಮುಟ್ಟಿದೊಡನೆ ಒಂದೇ ಉಸಿರಿನಲ್ಲಿ ತನ್ನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಬೆಳಿಗ್ಗೆ ತಿಂದದ್ದು ಇಷ್ಟನ್ನೂ ಹೇಳಬೇಕು. ನಡುವೆ ಉಸಿರು ಕಡಿದರೆ ಕೆರೆ ಮುಂದಿನ ವರ್ಷಕ್ಕೆ. ಡಾಕ್ಟರ ಚೀಟಿ ತಂದವರನ್ನೂ ಅವಳು ವಾಪಸ್ ಕಳಿಸಿದ್ದಾಳೆ.

ಹದಿನಾಲ್ಕು ವರ್ಷದ ಹಿಂದೆ ಒಬ್ಬನನ್ನು ಮಾತ್ರ ವಾಪಸ್ ಕಳಿಸಲಿಲ್ಲ. ಇಪ್ಪತ್ತಮೂರರ ಹುಡುಗ, ನಗುಮುಖದವನು. ಅಜ್ಜನ ಹೆಸರು ಹೇಳುವಷ್ಟರಲ್ಲಿ ಅವನ ಉಸಿರು ಕಡಿಯಿತು. ನಾನು ತಮಾಷೆಗೆ "ರೊಟ್ಟಿ, ಆಲೂಗಡ್ಡೆ ಪಲ್ಯ" ಎಂದು ಅವನ ಪರವಾಗಿ ಮುಗಿಸಿದೆ. ಎಲ್ಲರೂ ನಕ್ಕರು, ಅಕ್ಕನೂ ನಕ್ಕು ಬರಲಿ ಎಂದಳು. ಕೆರೆ ಇನ್ನೊಂದು ಗಂಟೆಯ ದಾರಿ ಇದೆ ಎನ್ನುವಾಗ ಹುಡುಗನ ಎದೆಯಲ್ಲಿ ನೀರು ತುಂಬಿಕೊಂಡಿತು. ನನ್ನ ಜೋ ಮೇಲೆ ಕಟ್ಟಿ ಇಳಿಸಿದೆವು, ಅರ್ಧ ದಾರಿಯಲ್ಲೇ ಹೋಗಿಬಿಟ್ಟ. ಅಂದಿನಿಂದ ಅಕ್ಕ ಪ್ರತಿ ವರ್ಷ ನೀರು ಹೆಪ್ಪುಗಟ್ಟುವ ಮುಂಚೆ ಹೋಗಿ, ಕೆರೆಯ ಬಳಿ ಅವನ ಹೆಸರಿನಲ್ಲಿ ಧೂಪದ ಸೊಪ್ಪು ಸುಟ್ಟು ಬರುತ್ತಾಳೆ. ನಾನು ಆ ಹೊತ್ತಿಗೆ ಜೋಗಳನ್ನು ಮೇಯಿಸುವ ನೆಪ ಹೇಳಿ ದೂರ ಉಳಿಯುತ್ತೇನೆ.

ಆ ಭಾನುವಾರ ನಾವು ದುಬ್ದಿ ಹತ್ತಿದೆವು. ಅರಣ್ಯ ಇಲಾಖೆಯ ಗೇಟಿನಲ್ಲಿ ಚಾರಣಕ್ಕೆ ಹೋಗುವವರ ಹೆಸರಿನ ಪಟ್ಟಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಆಮೇಲೆ ತಿದ್ದುವಂತಿಲ್ಲ. ಪಟ್ಟಿ ನನ್ನ ಜೇಬಿನಲ್ಲಿತ್ತು. ಅಕ್ಕ ಎಲ್ಲರನ್ನೂ ಮುಂದೆ ಬಿಟ್ಟು, ಗಿಡಗಳ ಹೆಸರು ಹೇಳುವ ನೆಪದಲ್ಲಿ ನಿಂತು ನಿಂತು ಹತ್ತಿದಳು. ಅವಳು ನಿಂತಾಗಲೆಲ್ಲ ನಾನೂ ಹಿಂದೆಯೇ ನಿಲ್ಲುತ್ತಿದ್ದೆ.

ಮೂವರು ಹೇಳಿ ಮುಗಿಸಿದರು. ಶ್ಯಾಮಲಿಯ ಸರದಿ ಬಂತು. ಆಕೆ ತನ್ನ ಹೆಸರಿನಿಂದ ಹಿಡಿದು ಬೆಳಗಿನ ಅವಲಕ್ಕಿಯವರೆಗೆ ಗಡಗಡ ಒಪ್ಪಿಸಿದಳು.

"ಮೂವತ್ತೈದು ವರ್ಷ ಮಕ್ಕಳ ಹಾಜರಿ ಕೂಗಿದ ಗಂಟಲು ಇದು, ಸುಮ್ನೆ ಅಂದ್ಕೊಂಡ್ರಾ?" ಎಂದು ನಕ್ಕು ಅಕ್ಕನ ಕಡೆ ತಿರುಗಿದಳು. "ಈಗ ನಿಮ್ಮ ಸರದಿ ದಿದಿ. ನೀವೂ ಬರ್ತೀರಲ್ವಾ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಆಕೆ ಕೇಳಿದ್ದು ತಮಾಷೆಗೆ. ಚಹಾ ಹೊತ್ತು ಜೊತೆಗೆ ಬಂದಿದ್ದ ಫುರ್ಕಿತ್ ಲೋಟಕ್ಕೆ ಬಗ್ಗಿಸುವುದನ್ನು ನಿಲ್ಲಿಸಿದಳು.

"ನನ್ನನ್ನೇ ಕೇಳ್ತೀರಾ ಟೀಚರಮ್ಮ? ಕೇಳಿ ಮತ್ತೆ," ಎಂದು ಅಕ್ಕ ನೆಟ್ಟಗೆ ನಿಂತಳು. "ಒಂಗ್ಮಿತ್ ಲೆಪ್ಚಾ, ಊರು ಯುಕ್ಸಮ್, ಅಪ್ಪ..."

ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅವಳು ನನ್ನ ಕಡೆ ನೋಡಿದಳು.

ಅವಳ ಅಪ್ಪ ನನ್ನ ಅಪ್ಪನೂ ಹೌದು. ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಪಿಂತ್ಸೊ ಎಂದಿದ್ದರೆ ಸಾಕಿತ್ತು, ಎಲ್ಲರೂ ನಕ್ಕು ಚಹಾ ಕುಡಿದು ಇಳಿಯುತ್ತಿದ್ದರು, ಅಕ್ಕ ಸೋಮವಾರ ಕೆರೆಗೆ ಹೊರಡುತ್ತಿದ್ದಳು. ಅವಳ ಕಣ್ಣು ಬೇಡುತ್ತಿತ್ತು. ಹುಟ್ಟಿದಾಗಿನಿಂದ ನನ್ನನ್ನು ಬೈದದ್ದು ಬಿಟ್ಟರೆ ಏನನ್ನೂ ಕೇಳದವಳು. ನಾನು ಹಲ್ಲು ಕಚ್ಚಿ ನೆಲ ನೋಡುತ್ತಾ ನಿಂತೆ. ನಾನೊಬ್ಬ ಪಾಪಿ ಎನಿಸಿತು.

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಕೆಮ್ಮಿದಳು. ಶ್ಯಾಮಲಿ ಅವಳ ಬೆನ್ನು ನೀವಿದಳು. ಉಸಿರು ಹತೋಟಿಗೆ ಬಂದ ಮೇಲೆ ಅಕ್ಕ ಕೈಚಾಚಿ ಪಟ್ಟಿ ಕೇಳಿದಳು. ತನ್ನ ಹೆಸರು ಹೊಡೆದು ಹಾಕಿ ಫುರ್ಕಿತ್‌ಳ ಹೆಸರು ಬರೆದಳು.

"ಅತ್ತೆ, ನಂಗೆ ದಾರಿನೇ ಗೊತ್ತಿಲ್ಲ..."

"ಜೋಗಳಿಗೆ ಗೊತ್ತು. ನಿನ್ನ ಸಮ್ದುಪ್ ಮಾವನಿಗೂ ಅಲ್ಪಸ್ವಲ್ಪ ಗೊತ್ತು," ಎಂದಳು ಅಕ್ಕ.

ಇಳಿಯುವಾಗ ನಾಲ್ಕು ಕಡೆ ಕೂತಳು, ಈ ಸಲ ಗಿಡಗಳ ನೆಪ ಹೇಳಲಿಲ್ಲ. ಮೂರೂವರೆಗೆ ಪಟ್ಟಿ ಗೇಟಿಗೆ ಕೊಟ್ಟೆವು.

ಸೋಮವಾರ ಬೆಳಿಗ್ಗೆ ಜೋಗಳ ಮೇಲೆ ಮೂಟೆ ಬಿಗಿಯುತ್ತಿದ್ದೆ. ಅಕ್ಕ ಅಂಗಳಕ್ಕೆ ಬಂದು, ಧೂಪದ ಸೊಪ್ಪಿನ ಕಟ್ಟನ್ನು ಫುರ್ಕಿತ್‌ಗೆ ಕೊಡದೆ ನನ್ನ ಕೈಗಿಟ್ಟಳು.

"ನೀನು ನಿನ್ನೆ ಬಾಯಿ ಮುಚ್ಕೊಂಡಿದ್ದೆ," ಎಂದಳು.

"ಹೂಂ ಅಕ್ಕ."

"ಆವತ್ತೂ ಮುಚ್ಕೊಂಡಿದ್ರೆ ಆ ಹುಡುಗ ಬದುಕಿರ್ತಿದ್ದ."

ಹದಿನಾಲ್ಕು ವರ್ಷ ಅವಳು ಈ ಮಾತು ಒಮ್ಮೆಯೂ ಆಡಿರಲಿಲ್ಲ. ನನ್ನ ಕೈಯಿಂದ ಹಗ್ಗ ಜಾರಿತು. ಅಕ್ಕ ಅದನ್ನು ಹಿಡಿದು ತಾನೇ ಗಂಟು ಹಾಕಿದಳು.

"ಈ ಸಲ ಜೋ ಮೇಯಿಸ್ತಾ ನಿಂತ್ಕೋಬೇಡ ತಮ್ಮ. ನೀರಿನ ಹತ್ರ ಹೋಗು, ನಿನ್ನ ಕೈಯಾರೆ ಹಚ್ಚು. ಅವನ ಹೆಸರು ಪೂರ್ತಿ ಹೇಳು."